ಮಗ್ಗಿಯ ಮರ್ಮ : ಗಣಿತ ಬೋಧನೆಯ ಒಂದು ಪುನರ್ವಿಚಾರ

ಗಣಿತ ಬೋಧನೆಯನ್ನು ಕುರಿತು ಕನ್ನಡ ಪಂಡಿತನೊಬ್ಬನು ಲೇಖನಿ ಹಿಡಿದುದನ್ನು ಕಂಡು ವಾಚಕ ಮಹಾಶಯರು ಸೋಜಿಗಪಟ್ಟರೆ ಅದು ಸಹಜವೇ ಸರಿ. ಗಣಿತಕ್ಕೆ ಅಂಜಿ ಕಾವ್ಯದ ಮರೆಹೊಕ್ಕವರ ಸಾಲಿನಲ್ಲಿ ನಾನೂ ಒಬ್ಬನು. ಎಳವೆಯಲ್ಲಿ ಹದಿಮೂರರ ಮಗ್ಗಿಯನ್ನು ಒಪ್ಪಿಸುವಾಗ ಏಳನೆಯ ಸಾಲಿನಲ್ಲಿ ತಡವರಿಸಿದ್ದಕ್ಕಾಗಿ ಅಂಗೈಮೇಲೆ ಬಿದ್ದ ಛಡಿಯೇಟಿನ ನೆನಪು ಐವತ್ತು ದಾಟಿದ ಈ ವಯಸ್ಸಿನಲ್ಲಿಯೂ ಮಾಸಿಲ್ಲ. ಮುಂದೆ ಪಾಠಶಾಲೆಯನ್ನು ಸೇರಿ ಅಮರಕೋಶವನ್ನೂ ಶಬ್ದಮಣಿದರ್ಪಣದ ಸೂತ್ರಗಳನ್ನೂ ಕಂಠಸ್ಥ ಮಾಡಿದೆನು. ವಿದ್ವತ್ ಪದವಿಯನ್ನು ಪಡೆದೆನು. ಗಣಿತವು ನನ್ನನ್ನು ಬಿಟ್ಟಿತು, ನಾನು ಗಣಿತವನ್ನು ಬಿಟ್ಟೆನು. ಈ ಸ್ಮರಣ ಸಂಪುಟಕ್ಕೆ ಹಳಗನ್ನಡ ಕಾವ್ಯವನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಸೂಚಿಸಿದ್ದರು. ವಿಷಯವನ್ನು ಬದಲಿಸಿಕೊಂಡವನು ನಾನೇ. ಕಾರಣವಿಷ್ಟೇ: ಕೆಲವು ವರ್ಷಗಳ ಹಿಂದೆ ಗಣಿತದ ಕಲಿಕೆಯ ಬಗೆಗೆ ನಮ್ಮಲ್ಲಿ ಒಂದು ವಾದ ಎದ್ದಿತು, ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಅದರಲ್ಲಿ ಪಾಲುಗೊಂಡರು, ನಾನು ಗಟ್ಟಿಯಾಗಿ ಮಾತನಾಡಿದೆನು, ಅರ್ಧ ತಪ್ಪಾಗಿ ಮಾತನಾಡಿದೆನು. ಆ ಅರ್ಧವನ್ನು ಇಲ್ಲಿ ಲೆಕ್ಕಕ್ಕೆ ತರುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಇಲ್ಲಿ ಕಲಿತು ಹೋದವರಿಗೆಲ್ಲ ಮುಂಜಾನೆಯ ಮಗ್ಗಿಯ ನೆನಪಿದೆ. ಪ್ರಾರ್ಥನೆ ಮುಗಿಯುತ್ತಲೆ ಮಕ್ಕಳು ಅಂಗಳದಲ್ಲಿ ಸಾಲಾಗಿ ಕುಳಿತುಕೊಳ್ಳುವರು. ಮುಂದೆ ನಿಂತ ಹುಡುಗನೊಬ್ಬನು 'ಎರಡೊಂದ್ಲೆ' ಎಂದರೆ ಉಳಿದವರೆಲ್ಲ ಒಕ್ಕೊರಲಿನಿಂದ 'ಎರಡು' ಎನ್ನುವರು. ಹೀಗೆ ಸಾಗಿ ಮೂವತ್ತರ ಮಗ್ಗಿಯವರೆಗೆ ಏರುವುದು. ದಾರಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ಕೇಳುತ್ತಿದ್ದರು. ಶಾಲೆಗೆ ಬಂದ ಅತಿಥಿಗಳಿಗೆ ನಾವು ಮೊದಲು ತೋರಿಸುತ್ತಿದ್ದುದೂ ಇದನ್ನೇ.

ಹೊಸದಾಗಿ ಬಂದ ನಮ್ಮ ಗಣಿತದ ಗುರುಗಳು ಇದನ್ನು ಒಂದು ತಿಂಗಳು ಸುಮ್ಮನೆ ಕೇಳಿದರು. ಒಂದು ದಿನ ಮುಂದಾಳು ಹುಡುಗನನ್ನೇ ನಿಲ್ಲಿಸಿ 'ಹದಿನೇಳು ಆರಲೆ?' ಎಂದರು. ಹುಡುಗನು ಕಣ್ಣುಮುಚ್ಚಿ, ತುಟಿಯೊಳಗೇ 'ಹದಿನೇಳೊಂದ್ಲೆ'ಯಿಂದ ಹೊರಟು, ಮೆಟ್ಟಿಲೇರಿ ಬಂದು 'ನೂರಾ ಎರಡು' ಎಂದನು. ಉತ್ತರವು ಸರಿಯಾದುದೇ. ಗುರುಗಳು ಮತ್ತೆ ಕೇಳಿದರು: 'ಆರು ಮಂದಿಗೆ ತಲಾ ಹದಿನೇಳು ರೂಪಾಯಿ ಕೊಡಬೇಕು. ನನ್ನಲ್ಲಿ ನೂರು ರೂಪಾಯಿ ಇದೆ. ಸಾಕಾದೀತೇ?' ಹುಡುಗನು ತುಸು ಹೊತ್ತು ಯೋಚಿಸಿ, 'ಕೂಡಿಸಬೇಕೋ ಗುಣಿಸಬೇಕೋ ಹೇಳ್ರಿ ಸರ್' ಎಂದನು. ಮರುವಾರದಿಂದ ಅಂಗಳದ ಮಗ್ಗಿ ನಿಂತಿತು.

ಅದು ನಿಂತ ಸುದ್ದಿ ಊರಿಗೆ ತಿಳಿಯಲು ತಡವಾಗಲಿಲ್ಲ. ಪಾಲಕರು ಬಂದರು, ಹಳೆಯ ವಿದ್ಯಾರ್ಥಿಗಳಿಂದ ಪತ್ರಗಳು ಬಂದವು, ದಾನಿಗಳೊಬ್ಬರು, 'ನಮ್ಮ ಹಣದಿಂದ ಕಟ್ಟಿದ ಅಂಗಳವು ಮೂಕವಾಯಿತೇ?' ಎಂದು ಕೇಳಿದರು. ಶಿಕ್ಷಕರ ಸಭೆಯಲ್ಲಿ ನಾನು ಎದ್ದು ನಿಂತು, 'ಮಗ್ಗಿಯಿಲ್ಲದ ಶಾಲೆಯು ಗಂಟೆಯಿಲ್ಲದ ಗುಡಿ' ಎಂದು ಬಿಟ್ಟೆನು. ಸಭೆಯು ತಲೆದೂಗಿತು. ಪಂಡಿತನಿಗೆ ಉಪಮೆ ಸಿಕ್ಕರೆ ಪ್ರಮಾಣವೇ ಸಿಕ್ಕಂತೆ ಹಿಗ್ಗುತ್ತಾನೆಂಬುದು ನನಗೆ ಆಮೇಲೆ ಹೊಳೆಯಿತು.

ಗಣಿತದ ಗುರುಗಳು ನನಗೆ ಉತ್ತರ ಕೊಡಲಿಲ್ಲ. ಸಭೆ ಮುಗಿದ ಮೇಲೆ ಪಕ್ಕಕ್ಕೆ ಬಂದು, 'ಪಂಡಿತರೇ, ಹದಿಮೂರು ಎಂಬ ಶಬ್ದವನ್ನು ಬಿಡಿಸಿ ಹೇಳಿರಿ' ಎಂದರು. ನಾನು ರೂಢಿಯಂತೆ, ಪದಿನ್ ಎಂಬುದಕ್ಕೆ ಮೂರು ಸೇರಿದೆ, ಹಳಗನ್ನಡದ ಪಕಾರವು ಹಕಾರವಾಗಿದೆ ಎಂದೆನು. 'ಹಾಗಾದರೆ ಹದಿಮೂರು ಏಳಲೆ ಎಂದರೆ ಹತ್ತು ಏಳಲೆ ಎಪ್ಪತ್ತು, ಮೂರು ಏಳಲೆ ಇಪ್ಪತ್ತೊಂದು; ಕೂಡಿದರೆ ತೊಂಬತ್ತೊಂದು. ಮಗ್ಗಿಯನ್ನು ಮರೆತ ಮಗುವಿಗೆ ಶಬ್ದವೇ ದಾರಿ ತೋರಿಸುತ್ತದೆ. ನೀವು ಇದನ್ನು ವ್ಯಾಕರಣವೆನ್ನುತ್ತೀರಿ, ನಾನು ಗುಣಾಕಾರವೆನ್ನುತ್ತೇನೆ' ಎಂದು ನಕ್ಕು ಹೊರಟುಹೋದರು. ನನ್ನ ಅಂಗೈ ಒಮ್ಮೆ ಚುರುಕ್ಕೆಂದಿತು. ಆ ಮಾತು ನನಗೆ ಹತ್ತನೆಯ ವಯಸ್ಸಿನಲ್ಲಿ ಯಾರಿಂದಲಾದರೂ ದೊರೆತಿದ್ದರೆ ಎಂದು ಅನೇಕ ಸಲ ಯೋಚಿಸಿದ್ದೇನೆ.

ಸಂಪ್ರದಾಯವೆಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ನಮ್ಮ ಭಾಗದಲ್ಲಿ ಸರಕಾರಿ ಶಾಲೆಗಳು ಹುಟ್ಟುವ ಮೊದಲು ಐಗಳು ನಡೆಸುವ ಗಾಂವಠಿ ಶಾಲೆಗಳಿದ್ದವು. ಚಾವಡಿಯಲ್ಲಿಯೋ ಮಠದ ಪಡಸಾಲೆಯಲ್ಲಿಯೋ ಉಸುಕು ಹರವಿ ಅದರ ಮೇಲೆ ಬೆರಳಿನಿಂದ ಅಕ್ಷರವನ್ನೂ ಅಂಕಿಯನ್ನೂ ತಿದ್ದಿಸುತ್ತಿದ್ದರು. ಇಂಥ ಶಾಲೆಗಳನ್ನು ಕುರಿತು ಖಚಿತವಾದ ಹಳೆಯ ವಿವರವು ನಮಗೆ ದೊರೆಯುವುದು ಕನ್ನಡ ನಾಡಿನ ಇನ್ನೊಂದು ಅಂಚಿನಿಂದ. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ದೇಶೀ ಶಾಲೆಗಳ ಗಣತಿಗೆ ಅಪ್ಪಣೆ ಮಾಡಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್ಲನು 1823ರ ಆಗಸ್ಟಿನಲ್ಲಿ ಉತ್ತರ ಕಳಿಸಿದನು. ಆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಅವನು ಎರಡು ಸಂಗತಿಗಳನ್ನು ಮನಸಾರೆ ಹೊಗಳಿದ್ದಾನೆ: ಬರೆಹ ಕಲಿಸುವಲ್ಲಿ ಕಾಣುವ ಮಿತವ್ಯಯ ಮತ್ತು ಮುಂದುವರಿದ ವಿದ್ಯಾರ್ಥಿಯು ಹಿಂದಿನವನಿಗೆ ಕಲಿಸುವ ಕ್ರಮ. ಈ ಎರಡನೆಯದನ್ನು ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಅದಾಗಲೇ ಇಂಗ್ಲೆಂಡಿಗೆ ಒಯ್ದು ಮದರಾಸು ಪದ್ಧತಿಯೆಂಬ ಹೆಸರಿನಲ್ಲಿ ಪ್ರಚಾರಕ್ಕೆ ತಂದಿದ್ದನು. ಆದರೆ ಅದೇ ವರದಿಯಲ್ಲಿ ಕ್ಯಾಂಪ್‌ಬೆಲ್ಲನು, ಮಕ್ಕಳು ಪದ್ಯಗಳನ್ನು ಗಿಳಿಗಳಂತೆ ಒಪ್ಪಿಸುತ್ತಾರೆ, ಅರ್ಥ ಮಾತ್ರ ಅರಿಯರು ಎಂದು ಮರುಗಿದ್ದಾನೆ. ಹೊಗಳಿಕೆಯನ್ನು ನಾವು ಸಭೆಗಳಲ್ಲಿ ಉದ್ಧರಿಸುತ್ತೇವೆ, ಮರುಕವನ್ನು ಬಿಟ್ಟುಬಿಡುತ್ತೇವೆ.

ಆದರೂ ಒಂದು ಮಾತನ್ನು ಐಗಳ ಪರವಾಗಿ ಹೇಳಲೇಬೇಕು. ಅವರು ಕಲಿಸಿದ ಮಗ್ಗಿಯು ಅರ್ಥಹೀನವಾಗಿರಲಿಲ್ಲ. ರೂಪಾಯಿಗೆ ಹದಿನಾರು ಆಣೆ, ಮಣಕ್ಕೆ ನಾಲ್ವತ್ತು ಸೇರು, ಎಕರೆಗೆ ನಾಲ್ವತ್ತು ಗುಂಟೆ ಎಂಬ ಲೋಕದಲ್ಲಿ ಹದಿನಾರರ ಮಗ್ಗಿ, ನಾಲ್ವತ್ತರ ಮಗ್ಗಿ, ಕಾಲು ಅರೆ ಮುಕ್ಕಾಲಿನ ಮಗ್ಗಿಗಳು ಬದುಕಿನ ಸಾಧನಗಳಾಗಿದ್ದವು. ಮುಂಜಾನೆ ಬಾಯಿಗೆ ಬಂದುದು ಸಂಜೆಗೆ ತಕ್ಕಡಿಗೆ ಬರುತ್ತಿತ್ತು. ಕಾಲು ಎಂಬ ನಮ್ಮ ಶಬ್ದವನ್ನೇ ನೋಡಿರಿ. ದನದ ನಾಲ್ಕು ಕಾಲುಗಳಲ್ಲಿ ಒಂದು, ಅಂದರೆ ನಾಲ್ಕರಲ್ಲೊಂದು. ಮೂರು ಕಾಲು ಸೇರಿದರೆ ಮುಕ್ಕಾಲು. ಕಾಲಿನಲ್ಲಿ ಅರೆಯಾದರೆ ಅರೆಕಾಲು. ಅದರಲ್ಲಿಯೂ ಅರ್ಧವಾದರೆ ವೀಸ, ಹದಿನಾರರಲ್ಲೊಂದು. ಭಿನ್ನರಾಶಿಯ ಪಾಠವೆಲ್ಲ ನಾಲಗೆಯ ಮೇಲೆಯೇ ಇದೆ. 1957ರ ಏಪ್ರಿಲ್ ಒಂದರಂದು ಆಣೆ ಹೋಗಿ ನೂರು ನಯೇ ಪೈಸೆ ಬಂದವು; 1956ರ ಕಾಯಿದೆಯ ಮೇರೆಗೆ ಮುಂದಿನ ಕೆಲವು ವರ್ಷಗಳಲ್ಲಿ ಸೇರು ಮಣಗಳು ಹೋಗಿ ಕಿಲೋ ಬಂದಿತು. ತಕ್ಕಡಿ ಬದಲಾಯಿತು, ಅಂಗಳ ಬದಲಾಗಲಿಲ್ಲ. ಮಗ್ಗಿಯ ಎರಡು ಕಾಲುಗಳಲ್ಲಿ ಒಂದು ಮುರಿದುದನ್ನು ನಾವು ಗಮನಿಸಲಿಲ್ಲ.

ಹಾಗೆ ನೋಡಿದರೆ ಹಳೆಯ ಅಳತೆಗಳಲ್ಲಿ ಗುಂಟೆಯು ಇಂದಿಗೂ ಉಳಿದುಕೊಂಡಿದೆ. ಗಣಿತದ ಗುರುಗಳು ಒಮ್ಮೆ ಎಂಟನೆಯ ತರಗತಿಯ ಮಕ್ಕಳಿಗೆ ಮನೆಯ ಹೊಲದ ಉತಾರವನ್ನು ನೋಡಿ ಬರಲು ಹೇಳಿದರು. 2-20 ಎಂದು ಬರೆದುದನ್ನು ತರಗತಿಯ ಬಹುಪಾಲು ಮಕ್ಕಳು ಎರಡು ದಶಾಂಶ ಎರಡು ಎಕರೆಯೆಂದು ಓದಿದರು. ಅದು ಎರಡು ಎಕರೆ ಇಪ್ಪತ್ತು ಗುಂಟೆ, ಎಂದರೆ ಎರಡೂವರೆ ಎಕರೆ. ಕಾಗದದ ಮೇಲೆ ಹನ್ನೆರಡು ಗುಂಟೆ ಹೊಲವು ಮಾಯವಾಗಿತ್ತು! ಈ ಸಂಗತಿಯನ್ನು ಕೇಳಿದ ನಮ್ಮ ಹಿರಿಯ ವಿದ್ಯಾರ್ಥಿಯೊಬ್ಬರು, ಭೂಮಾಪನ ಖಾತೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು, ಶಾಲೆಗೆ ಮೂವತ್ತಮೂರು ಅಡಿಯ ಹಳೆಯ ಸರಪಳಿಯೊಂದನ್ನು ತಂದುಕೊಟ್ಟರು. ಮಕ್ಕಳು ಆಟದ ಬಯಲಿನಲ್ಲಿ ಸುಣ್ಣ ಹಾಕಿ ಸರಪಳಿ ಉದ್ದ ಸರಪಳಿ ಅಗಲದ ಒಂದು ಚೌಕವನ್ನು ಎಳೆದರು. 33ನ್ನು 33ರಿಂದ ಗುಣಿಸಿದರೆ 1,089 ಚದರಡಿ. ಅದೇ ಒಂದು ಗುಂಟೆ. ಅಂಥವು ನಾಲ್ವತ್ತು ಸೇರಿದರೆ 43,560 ಚದರಡಿ, ಒಂದು ಎಕರೆ. ಆ ಚೌಕದಲ್ಲಿ ನಡೆದಾಡಿದ ಮಗುವು ಗುಂಟೆಯನ್ನು ಇನ್ನು ದಶಾಂಶವೆಂದು ಓದಲಾರದು.

ಮೆಣಸಿನಕಾಯಿಯ ಪ್ರಸಂಗವನ್ನು ತುಸು ವಿಸ್ತಾರವಾಗಿ ಹೇಳಬೇಕು. ಸಂಕೇಶ್ವರದ ಮೆಣಸಿನಕಾಯಿಗೆ ಗಡಿಯಾಚೆ ಮಹಾರಾಷ್ಟ್ರದಲ್ಲಿಯೂ ಹೆಸರಿದೆಯೆಂಬುದನ್ನು ಈ ಊರಿನವರಿಗೆ ಹೇಳಬೇಕಾಗಿಲ್ಲ. ಏಳನೆಯ ತರಗತಿಯ ಹುಡುಗನೊಬ್ಬನು ಸಂತೆಯಲ್ಲಿ ತಂದೆಯೊಡನೆ ಕುಳಿತು ಮೆಣಸಿನಕಾಯಿ ಮಾರುತ್ತಿದ್ದನು. ಗಣಿತದಲ್ಲಿ ಅವನಿಗೆ ಬಂದ ಅಂಕಗಳನ್ನು ಬರೆಯದಿರುವುದೇ ಲೇಸು. ಗುರುಗಳು ಗಿರಾಕಿಯಂತೆ ಹೋಗಿ, ಕಿಲೋಗೆ 240 ರೂಪಾಯಿಯ ಕಾಯಿಯನ್ನು ಮೂರೂ ಮುಕ್ಕಾಲು ಕಿಲೋ ತೂಗಿಸಿಕೊಂಡರು. ಕೈಯಿಂದ ಕಾಯಿಯನ್ನು ಬಿಡುವ ಮೊದಲೇ ಹುಡುಗನು 'ಒಂಬೈನೂರು' ಎಂದನು. ಹೇಗೆಂದು ಕೇಳಿದರೆ, 'ಪಾವಣೆ ಚಾರ್ ಅಲ್ಲೇನ್ರಿ? ನಾಕ ಕಿಲೋಕ ಒಂಬೈನೂರಾ ಅರವತ್ತು, ಪಾವಕಿಲೋದ್ದು ಅರವತ್ತು ತಗದ್ರ ಆತು' ಎಂದನು. ಮರುದಿನ ತರಗತಿಯಲ್ಲಿ 240ನ್ನು 3.75ರಿಂದ ಗುಣಿಸುವ ಲೆಕ್ಕ ಕೊಟ್ಟಾಗ ಅದೇ ಹುಡುಗನು ಪಾಟಿಯ ತುಂಬ ಅಂಕಿಗಳನ್ನು ಬರೆದು, ಬಿಂದುವನ್ನು ಒಂದು ಮನೆ ತಪ್ಪಿಸಿ ಇಟ್ಟು, 9,000 ಎಂದು ತಂದು ತೋರಿಸಿದನು. ನಾಲ್ಕು ಕಿಲೋಗೆ ಸಾವಿರ ಮುಟ್ಟದ ಮಾಲಿಗೆ ಒಂಬತ್ತು ಸಾವಿರ ಹೇಗಾಯಿತೆಂಬ ಸಂಶಯವು ಅವನಿಗೆ ಬರಲೇ ಇಲ್ಲ. ಸಂತೆಯ ಬುದ್ಧಿಯನ್ನು ಅವನು ಚಪ್ಪಲಿಯಂತೆ ಶಾಲೆಯ ಬಾಗಿಲಲ್ಲಿಯೇ ಬಿಟ್ಟು ಬಂದಿದ್ದನು. ಬಿಡಬೇಕೆಂದು ಕಲಿಸಿದವರು ನಾವು.

ಈ ಪ್ರಸಂಗದಲ್ಲಿ ಭಾಷೆಯ ವಿದ್ಯಾರ್ಥಿಯಾದ ನನಗೆ ಬೇರೊಂದು ಸ್ವಾರಸ್ಯ ಕಂಡಿತು. ಕನ್ನಡದಲ್ಲಿ ನಾವು ಮೂರೂ ಮುಕ್ಕಾಲು ಎನ್ನುತ್ತೇವೆ, ಮೂರಕ್ಕೆ ಕೂಡಿಸುತ್ತೇವೆ. ಮರಾಠಿಯವರು ಪಾವಣೆಚಾರ್ ಎನ್ನುತ್ತಾರೆ, ನಾಲ್ಕರಲ್ಲಿ ಪಾವು ಕಳೆಯುತ್ತಾರೆ. ಗಡಿಯೂರಿನ ಹುಡುಗನಿಗೆ ಎರಡು ನುಡಿಗಳಿದ್ದುದರಿಂದ ಎರಡು ಉಪಾಯಗಳಿದ್ದವು. ಅವುಗಳಲ್ಲಿ ಹಗುರವಾದುದನ್ನು ಆರಿಸಿಕೊಂಡನು. ಕನ್ನಡಕ್ಕೂ ಕಳೆಯುವ ಜಾಣತನ ಇಲ್ಲದಿಲ್ಲ. ಒಂಬತ್ತು ಎಂಬ ಶಬ್ದದಲ್ಲಿ ಹತ್ತಕ್ಕೆ ಒಂದು ಕಡಮೆಯೆಂಬ ಅರ್ಥ ಅಡಗಿದೆಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಒಂಬತ್ತು ಏಳಲೆ ಎಂದರೆ ಎಪ್ಪತ್ತರಲ್ಲಿ ಏಳು ಕಳೆ, ಅರವತ್ತಮೂರು. ಇದನ್ನು ಗುರುಗಳಿಗೆ ತಿಳಿಸಿದಾಗ ಅವರು ಅದೇ ದಿನ ಐದನೆಯ ತರಗತಿಯಲ್ಲಿ ಬಳಸಿದರು. ನನ್ನ ವಿದ್ಯೆಯು ಗಣಿತಕ್ಕೆ ಉಪಯೋಗವಾದುದು ಅದೇ ಮೊದಲು.

ಇದು ನಮ್ಮ ಸಂತೆಯೊಂದರ ಕಥೆಯಲ್ಲ. ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಕೋಲ್ಕತ್ತಾ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ವ್ಯಾಪಾರದ ತೊಡಕಾದ ಲೆಕ್ಕಗಳನ್ನು ಬಾಯಲ್ಲಿಯೇ ಬಿಡಿಸುವ ಮಕ್ಕಳು ಶಾಲೆಯ ರೀತಿಯ ಸುಲಭ ಲೆಕ್ಕಗಳಲ್ಲಿ ಸೋಲುತ್ತಾರೆ. ಶಾಲೆಯ ಲೆಕ್ಕಗಳನ್ನು ಬಲ್ಲ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಸೋಲುತ್ತಾರೆ ಎಂಬುದು ಅವರು ಕಂಡ ಸಂಗತಿ. ಒಂದೇ ತಲೆಯಲ್ಲಿ ಎರಡು ಕೋಣೆಗಳು, ನಡುವೆ ಬಾಗಿಲಿಲ್ಲ. ಬಾಗಿಲು ಕೊರೆಯುವ ಕೆಲಸ ಶಿಕ್ಷಕನದು.

ಆ ಬಾಗಿಲು ನಮ್ಮ ಪ್ರಾಚೀನರಲ್ಲಿ ಇದ್ದಿತು. ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದವುಗಳನ್ನು ಬರೆದನು. ಕನ್ನಡದಲ್ಲಿ ನಮಗೆ ದೊರೆತಿರುವ ಗಣಿತ ಗ್ರಂಥಗಳಿಗೆ ಅವನೇ ಆದಿ. ಅವನ ಊರು ಪೂವಿನಬಾಗೆ. ಅದು ನಮ್ಮ ನೆರೆಯ ರಾಯಬಾಗವೆಂದು ವಿದ್ವಾಂಸರು ಗುರುತಿಸಿದ್ದಾರೆ. ನಮ್ಮ ಮಕ್ಕಳು ಬಸ್ಸಿನಲ್ಲಿ ಹೋಗಿ ಬರುವ ಊರಿನಲ್ಲಿ ಕನ್ನಡ ಗಣಿತವು ಹುಟ್ಟಿತೆಂಬುದು ಅಭಿಮಾನದ ಸಂಗತಿ. ಆದರೆ ಬರಿಯ ಅಭಿಮಾನದಿಂದ ಫಲವಿಲ್ಲ. ಈ ಗ್ರಂಥಗಳಲ್ಲಿ ಸೂತ್ರವು ಒಂಟಿಯಾಗಿ ನಿಲ್ಲುವುದಿಲ್ಲವೆಂಬುದನ್ನು ಕಾಣಬೇಕು. ಸೂತ್ರದ ಬೆನ್ನಿಗೆ ಉದಾಹರಣೆ ಬರುತ್ತದೆ: ಬಡ್ಡಿ, ಕೂಲಿ, ಧಾನ್ಯ, ಹೊಲ, ಚಿನ್ನದ ಬಣ್ಣ. ಸೂತ್ರವು ಕಂಠಕ್ಕೆ, ಉದಾಹರಣೆಯು ಬುದ್ಧಿಗೆ. ಭಿನ್ನರಾಶಿಯನ್ನು ಭಾಗಿಸುವಾಗ ಭಾಜಕವನ್ನು ತಿರುವಿ ಗುಣಿಸಬೇಕೆಂಬ ನಿಯಮವು ಮಹಾವೀರನಲ್ಲಿದೆ; ಇಂದಿನ ಪ್ರತಿಯೊಂದು ಮಗುವಿನ ಬಾಯಲ್ಲಿಯೂ ಇದೆ. ಆದರೆ ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎರಡು ಏಕೆ ಬರುತ್ತದೆ, ಭಾಗಿಸಿದರೂ ಏಕೆ ಹೆಚ್ಚುತ್ತದೆ ಎಂದು ಕೇಳಿದರೆ ಮೌನ. ಅರ್ಧ ಲೀಟರ್ ಹಾಲನ್ನು ಕಾಲು ಲೀಟರಿನ ಅಳತೆಯಿಂದ ಎರಡು ಸಲ ಎತ್ತಿ ಹೊಯ್ದು ತೋರಿಸಿದರೆ ಆ ಮೌನವು ಮುರಿಯುತ್ತದೆ. ಇದಕ್ಕೆ ಬೇಕಾದುದು ಒಂದು ಪಾತ್ರೆ, ಒಂದು ಅಳತೆ ಮತ್ತು ಹತ್ತು ನಿಮಿಷದ ತಾಳ್ಮೆ.

ರಾಜಾದಿತ್ಯನು ವಿವರಿಸುವ ತ್ರೈರಾಶಿಯನ್ನು ನಮ್ಮ ಗುರುಗಳು ಒಂಬತ್ತನೆಯ ತರಗತಿಯಲ್ಲಿ ಕಬ್ಬಿಗೆ ಹಚ್ಚಿದರು. ಹಿರಣ್ಯಕೇಶಿ ಕಾರ್ಖಾನೆಯ ಚಿಮಣಿಯ ಹೊಗೆಯನ್ನು ನೋಡುತ್ತ ಬೆಳೆದ ಮಕ್ಕಳಿಗೆ ಇದಕ್ಕಿಂತ ತಕ್ಕ ಉದಾಹರಣೆ ಯಾವುದು? 2024-25ರ ಹಂಗಾಮಿಗೆ ಕೇಂದ್ರ ಸರಕಾರವು 10.25 ಶೇಕಡಾ ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 340 ರೂಪಾಯಿ ದರವನ್ನು ಗೊತ್ತುಮಾಡಿತ್ತು. ಇಳುವರಿಯು 0.1 ಶೇಕಡಾ ಏರಿದರೆ 3.32 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಮೆ. ಇಳುವರಿ 11.25 ಆದರೆ ದರವೆಷ್ಟು? ಹತ್ತು ಮೆಟ್ಟಿಲಿಗೆ 33.20, ಎಲ್ಲ ಸೇರಿ 373.20, ಟನ್ನಿಗೆ 3,732. ಇಷ್ಟಕ್ಕೆ ಬಿಟ್ಟಿದ್ದರೆ ಅದೊಂದು ಸಾಮಾನ್ಯ ಲೆಕ್ಕ. 'ಈ 3.32 ಎಲ್ಲಿಂದ ಬಂತು?' ಎಂದು ಗುರುಗಳು ಕೇಳಿದರು. ಮೂರು ದಿನ ಯಾರೂ ಉತ್ತರ ತರಲಿಲ್ಲ. ನಾಲ್ಕನೆಯ ದಿನ ಕಬ್ಬಿನ ಗ್ಯಾಂಗಿನಲ್ಲಿ ದುಡಿಯುವವರ ಮನೆಯ ಬಾಲಕಿಯೊಬ್ಬಳು, 10.25ರಲ್ಲಿ 0.1ರ ತುಂಡುಗಳು ನೂರಾ ಎರಡೂವರೆ ಇವೆ, 340ನ್ನು 102.5ರಿಂದ ಭಾಗಿಸಿದರೆ 3.317, ಅದನ್ನೇ ದುಂಡು ಮಾಡಿದ್ದಾರೆ ಎಂದಳು. ದೆಹಲಿಯಲ್ಲಿ ಕುಳಿತವರು ಹಾಕಿದ ಲೆಕ್ಕದ ಒಳಗುಟ್ಟು ಸಂಕೇಶ್ವರದ ಪಾಟಿಯ ಮೇಲೆ ಬಿಚ್ಚಿಕೊಂಡಿತು. ಅದು ಬರಿಯ ತ್ರೈರಾಶಿ! ಆದರೆ ಆ ನಿಯಮವು 9.5 ಶೇಕಡಾಕ್ಕೆ ಬಂದು ನಿಲ್ಲುತ್ತದೆ. ಇಳುವರಿಯು ಅದಕ್ಕಿಂತ ಕೆಳಗಿಳಿದರೂ ಆ ಹಂಗಾಮಿನ ದರವು 315.10ಕ್ಕಿಂತ ಇಳಿಯುವಂತಿರಲಿಲ್ಲ. ರೈತನ ರಕ್ಷಣೆಗಾಗಿ ತ್ರೈರಾಶಿಗೆ ಹಾಕಿದ ಒಡ್ಡು ಅದು. ಸೂತ್ರವು ಎಲ್ಲಿ ನಡೆಯುತ್ತದೆಂಬುದರಷ್ಟೇ ಎಲ್ಲಿ ನಿಲ್ಲುತ್ತದೆಂಬುದನ್ನೂ ಕಲಿಸಬೇಕೆಂಬುದನ್ನು ನಾನು ಆ ದಿನ ಬಾಗಿಲಲ್ಲಿ ನಿಂತು ಕಲಿತೆನು.

ಅಲ್ಲಿಯವರೆಗೆ ನಾನು ಪ್ರೇಕ್ಷಕನು. ನನ್ನ ಸರದಿಯು ಛಂದಸ್ಸಿನ ತರಗತಿಯಲ್ಲಿ ಬಂದಿತು. ಗಣಿತದ ಗುರುಗಳು ಒಮ್ಮೆ ನನ್ನ ಪಾಠವನ್ನು ಕೇಳಲು ಬಂದು ಹಿಂದಿನ ಮಣೆಯಲ್ಲಿ ಕುಳಿತಿದ್ದರು. ನಾನು ಎಂದಿನಂತೆ 'ಯಮಾತಾರಾಜಭಾನಸಲಗಂ' ಎಂಬ ಸೂತ್ರವನ್ನು ಹೇಳಿಸಿ, ಮೂರು ಮೂರು ಅಕ್ಷರಗಳನ್ನು ಹಿಡಿದು ಯಗಣ ಮಗಣಗಳನ್ನು ಬಿಡಿಸಿದೆನು. ಪಾಠ ಮುಗಿದ ಮೇಲೆ ಅವರು, 'ಅಕ್ಷರಗಣಗಳು ಎಂಟೇ ಏಕೆ? ಏಳೇಕಲ್ಲ, ಒಂಬತ್ತೇಕಲ್ಲ?' ಎಂದು ಕೇಳಿದರು. ಮೂವತ್ತು ವರ್ಷ ಈ ಪಾಠವನ್ನು ಮಾಡಿದ ನನಗೆ ಈ ಪ್ರಶ್ನೆಯು ಎಂದೂ ಹುಟ್ಟಿರಲಿಲ್ಲ. ನನ್ನ ಗುರುಗಳು ಹೇಳಿರಲಿಲ್ಲ. ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಕೇಳುವಂತೆ ನಾನು ಬಿಟ್ಟಿರಲಿಲ್ಲವೆನ್ನುವುದು ಹೆಚ್ಚು ಸತ್ಯ. ಮೊದಲ ಅಕ್ಷರವು ಲಘುವಾಗಬಹುದು ಅಥವಾ ಗುರುವಾಗಬಹುದು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಎರಡರ ಎರಡರಷ್ಟು ನಾಲ್ಕು, ಅದರ ಎರಡರಷ್ಟು ಎಂಟು. ಒಂಬತ್ತನೆಯ ಗಣಕ್ಕೆ ಜಾಗವೇ ಇಲ್ಲ. ಇಷ್ಟು ಸರಳವಾದುದನ್ನು ನಾನು ಅರ್ಧ ಆಯುಷ್ಯ ಆಜ್ಞೆಯಂತೆ ಕಲಿಸಿದ್ದೆನು.

ಆ ರಾತ್ರಿ ನಿದ್ರೆ ಬರಲಿಲ್ಲ. ಎದ್ದು ನಾಗವರ್ಮನ ಛಂದೋಂಬುಧಿಯನ್ನು ತೆಗೆದೆನು. ಅದರಲ್ಲಿ ಪ್ರಸ್ತಾರವೇ ಮೊದಲಾದ ಷಟ್ಪ್ರತ್ಯಯಗಳ ನಿರೂಪಣೆಯಿದೆ. ಪರೀಕ್ಷೆಗೆ ಬರುವುದಿಲ್ಲವೆಂದು ನಾವು ವಿದ್ವತ್ ತರಗತಿಯಲ್ಲಿ ಹಾರಿಸಿಬಿಟ್ಟಿದ್ದ ಭಾಗವದು! ಮುಂದೆ ಮಾತ್ರಾಗಣಗಳನ್ನು ಎಣಿಸಿದೆನು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣಗಳು ಮೂರು ಬಗೆ, ನಾಲ್ಕು ಮಾತ್ರೆಯವು ಐದು ಬಗೆ, ಐದು ಮಾತ್ರೆಯವು ಎಂಟು ಬಗೆ. ಕಾವ್ಯದಲ್ಲಿ ಯಾವುದು ಎಲ್ಲಿ ಬರಬಾರದೆಂಬ ನಿಯಮ ಬೇರೆ, ಎಣಿಕೆಯು ಇದು. ಮೂರು, ಐದು, ಎಂಟು: ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಏಕೆ? ಐದು ಮಾತ್ರೆಯ ಗಣವು ಲಘುವಿನಿಂದ ಮುಗಿದರೆ ಅದರ ಮುಂದೆ ನಾಲ್ಕು ಮಾತ್ರೆಗಳಿರಬೇಕು, ಅದಕ್ಕೆ ಐದು ಬಗೆ, ಗುರುವಿನಿಂದ ಮುಗಿದರೆ ಮೂರು ಮಾತ್ರೆಗಳಿರಬೇಕು, ಅದಕ್ಕೆ ಮೂರು ಬಗೆ, ಕೂಡಿ ಎಂಟು. ಯುರೋಪಿನಲ್ಲಿ ಈ ಸಂಖ್ಯಾಮಾಲೆಗೆ ಫಿಬೊನಾಚಿಯ ಹೆಸರಿದೆ; ಅವನ ಗ್ರಂಥವು 1202ರದು. ಅದಕ್ಕೆ ಮೊದಲೇ ವಿರಹಾಂಕನೂ ಹೇಮಚಂದ್ರನೂ ಛಂದಸ್ಸಿನ ಸಲುವಾಗಿ ಇದನ್ನು ಹೇಳಿದ್ದರು. ಗಣಿತಕ್ಕೆ ಅಂಜಿ ನಾನು ಓಡಿಬಂದ ಮನೆಯ ಅಟ್ಟದ ಮೇಲೆಯೇ ಗಣಿತವು ಕುಳಿತಿದ್ದಿತು.

ಹೊಸ ಕ್ರಮವೆಲ್ಲ ಹೂವಿನ ದಾರಿಯಾಗಿತ್ತೆಂದು ವಾಚಕರು ತಿಳಿಯಬಾರದು. ಎರಡನೆಯ ವರ್ಷ ಎಂಟನೆಯ ತರಗತಿಯಲ್ಲಿ ಅಪವರ್ತನಗಳ ಪಾಠ ಬಂದಾಗ ಮಕ್ಕಳು ತಿಣುಕಿದರು. 91 ಎಂಬುದನ್ನು ಕಂಡೊಡನೆ ಹದಿಮೂರು ಏಳಲೆ ಎಂದು ಹೊಳೆಯಬೇಕು. ಹೊಳೆಯದಿದ್ದರೆ ಬೀಜಗಣಿತದ ಮೊದಲ ಮೆಟ್ಟಿಲಲ್ಲಿಯೇ ಉಸಿರು ಹೋಗುತ್ತದೆ. ಅರ್ಥ ತಿಳಿದಿದ್ದಿತು, ವೇಗವಿರಲಿಲ್ಲ. ಪಠ್ಯಕ್ರಮವೂ ಹಿಂದೆ ಬಿದ್ದಿತು. ಪಾಲಕರ ದೂರು ಆಧಾರವಿಲ್ಲದ್ದೇನೂ ಆಗಿರಲಿಲ್ಲ. ಆಗ ನಡೆದ ಸಭೆಯಲ್ಲಿ ಗಣಿತದ ಗುರುಗಳು ಎದ್ದು, 'ಮಗ್ಗಿಯನ್ನು ಪೂರ್ತಿ ನಿಲ್ಲಿಸಿದ್ದು ನನ್ನ ತಪ್ಪು. ನೆನಪು ಕೂಡ ಒಂದು ಉಪಕರಣ' ಎಂದರು. ಹಾಗೆ ಒಪ್ಪಿಕೊಳ್ಳಲು ಎಷ್ಟು ಎದೆಗಾರಿಕೆ ಬೇಕೆಂಬುದನ್ನು ಬಲ್ಲೆನು, ಏಕೆಂದರೆ ನನ್ನ ಗಂಟೆ ಗುಡಿಗಳ ಮಾತನ್ನು ನಾನು ಅಲ್ಲಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇಲ್ಲಿ ತೆಗೆದುಕೊಳ್ಳುತ್ತಿದ್ದೇನೆ.

ಈಗ ಮಗ್ಗಿ ಮರಳಿ ಬಂದಿದೆ, ರೂಪ ಬೇರೆಯಾಗಿದೆ. ಮಗುವು ಮೊದಲು ಹುಣಸೆಬೀಜಗಳನ್ನು ಸಾಲುಸಾಲಾಗಿ ಜೋಡಿಸಿ ತನ್ನ ಮಗ್ಗಿಯನ್ನು ತಾನೇ ಕಟ್ಟುತ್ತದೆ; ಕಟ್ಟಿದ ಮೇಲೆ ಬಾಯಿಪಾಠ ಮಾಡುತ್ತದೆ. ಮೇಲಿನ ತರಗತಿಯವರು ಕೆಳಗಿನವರಿಗೆ ಕಲಿಸುತ್ತಾರೆ, ಕ್ಯಾಂಪ್‌ಬೆಲ್ಲನು ಮೆಚ್ಚಿದ ಹಾಗೆ. ಪ್ರಶ್ನೆಯನ್ನು ಎಲ್ಲಿಂದಲಾದರೂ ಕೇಳಬಹುದು: 'ತೊಂಬತ್ತಾರು ಯಾವ ಯಾವ ಮಗ್ಗಿಯಲ್ಲಿ ಬರುತ್ತದೆ?' ಎಂದು. ಛಡಿ ಇಲ್ಲ. ಸರಕಾರಿ ಶಾಲೆಗಳಲ್ಲಿಯೂ ಇಂಥ ವಿಚಾರವು ಹೊಸದೇನಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಮೊದಲಾದ ನಲಿ-ಕಲಿಯು ಮುಂದೆ ನಾಡಿನಾದ್ಯಂತ ಕಿರಿಯ ತರಗತಿಗಳಿಗೆ ಹಬ್ಬಿತು. ಅದನ್ನು ರೂಪಿಸಿದವರಲ್ಲಿ ತರಗತಿಯ ಶಿಕ್ಷಕರೇ ಇದ್ದರು. ಆದರೆ ಒಬ್ಬ ಶಿಕ್ಷಕನು ನಲ್ವತ್ತು ನಿಮಿಷಗಳಲ್ಲಿ ಐವತ್ತು ಮಕ್ಕಳ ಕೈಗೆ ಬೀಜ ಕೊಟ್ಟು, ಅವರ ತಪ್ಪುಗಳನ್ನು ಆಲಿಸಿ, ಪಾಠವನ್ನೂ ಮುಗಿಸುವುದು ಹೇಗೆಂಬ ಪ್ರಶ್ನೆಗೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ. ಈ ಕುರಿತು ನನಗೂ ಗಣಿತದ ಗುರುಗಳಿಗೂ ವಾರಕ್ಕೊಮ್ಮೆಯಾದರೂ ಜಗಳವಾಗುತ್ತದೆ. ಮಾನ್ಯ ದಾನಿಗಳು ಹೊಸ ಕೋಣೆಗಳ ಜೊತೆಗೆ ತಕ್ಕಡಿ, ಲೀಟರಿನ ಅಳತೆಗಳು, ಅಡಿಕೋಲುಗಳನ್ನು ಕುರಿತೂ ಒಮ್ಮೆ ಯೋಚಿಸಬೇಕೆಂಬುದು ನನ್ನ ನಮ್ರ ಬಿನ್ನಹ. ಅವುಗಳ ಮೇಲೆ ಹೆಸರು ಕೆತ್ತಿಸಲು ಜಾಗವು ಕಡಮೆ ಎಂಬುದನ್ನು ಬಲ್ಲೆನು.

ಈ ಲೇಖನವನ್ನು ಬರೆಯುತ್ತಿರುವಾಗ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಆರು ಮಾತ್ರೆಯ ಗಣಗಳನ್ನು ಬರೆದುಕೊಂಡು ಬಂದಳು. ಹಾಳೆಯಲ್ಲಿ ಹನ್ನೆರಡು ಇದ್ದವು. 'ಐದೂ ಎಂಟೂ ಕೂಡಿದರ ಹದಿಮೂರು ಆಗಬೇಕಲ್ಲರಿ, ಒಂದು ಎಲ್ಲಿ ತಪ್ಪೇತಿ?' ಎಂದು ಕೇಳಿದಳು. ನಾನು ಎಣಿಸಿ ನೋಡಿದೆನು. ಗುರುವಿನಿಂದ ಮುಗಿಯುವವು ಐದು ಇದ್ದವು. ಲಘುವಿನಿಂದ ಮುಗಿಯುವವು ಏಳೇ. ಹೇಳಲೆಂದು ಬಾಯಿ ತೆರೆದೆನು. 'ಹೇಳಬ್ಯಾಡ್ರಿ ಸರ್, ನಾಳೆ ತರ್ತೇನ್ರಿ' ಎಂದು ಹಾಳೆಯನ್ನು ಕಸಿದುಕೊಂಡು ಹೋದಳು.